ಪ್ರತ್ಯಕ್ಷ ಕಂಡರೂ

ಸಮತಟ್ಟಾದ ನೆಲದ ಮೇಲೆ ಒಂದು ತೆಳ್ಳನೆಯ ಹಲಗೆ ಇಟ್ಟಿದ್ದಾರೆ. ಅದರ ತುದಿಯಲ್ಲಿ ನಿಂತವರ ಕಣ್ಣಿಗೆ ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ಕಟ್ಟಿದೆ. ಕಾಲ್ಬೆರಳು ಹಲಗೆಯ ಅಂಚು ದಾಟಿದೆ. ಕಣ್ಣಿಗೆ ಕಾಣುತ್ತಿರುವುದು ಇಪ್ಪತ್ತು ಅಡಿ ಆಳದ ಗುಂಡಿ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಈ ಗುಂಡಿಯ ಅಂಚಿಗೆ ಬಂದವರ ಎದೆಬಡಿತ ಏರಿತು, ಚರ್ಮ ಬೆವರಿತು. ಕಾಲಡಿಗೆ ನಿಜವಾದ ಹಲಗೆ ತಗುಲುತ್ತಿದ್ದಾಗ ಎದೆಬಡಿತ ಇನ್ನೂ ಹೆಚ್ಚಿತು. ತಾವು ನಿಂತಿರುವುದು ಪ್ರಯೋಗಾಲಯದ ಗಟ್ಟಿ ನೆಲದ ಮೇಲೆ ಎಂಬುದು ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಎದೆ ಹೊಡೆದುಕೊಂಡಿತು. ಬುದ್ಧಿ ಒಂದು ಹೇಳಿತು, ಮೈ ಇನ್ನೊಂದನ್ನು ನಂಬಿತು. ನಂಬಿಕೆ ಎಂದರೆ ಬುದ್ಧಿಯ ಒಪ್ಪಿಗೆ ಎಂದು ತಿಳಿದವರು ಈ ಹಲಗೆಯ ಬಗ್ಗೆ ಸ್ವಲ್ಪ ಹೊತ್ತು ಯೋಚಿಸಬೇಕು. ನಮ್ಮ ಹಿರಿಯರು ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದರು. ಕಂಡದ್ದೇ ಪ್ರಮಾಣ ಎನ್ನುವ ಲೋಕದಲ್ಲಿ ಇದು ವಿಚಿತ್ರವಾದ ಗಾದೆ. ಪ್ರತ್ಯಕ್ಷಕ್ಕಿಂತ ಮೇಲೆ ಇನ್ನೇನು ಪ್ರಮಾಣ ಬೇಕು ಎಂದು ಯಾರಾದರೂ ಕೇಳಬಹುದು. ವಿಆರ್ ಎಂದು ಎಲ್ಲರೂ ಕರೆಯುವ ಈ ತಂತ್ರಜ್ಞಾನ ಬಂದ ಮೇಲೆ ಆ ಗಾದೆ ಅಕ್ಷರಶಃ ಅರ್ಥವಾಗತೊಡಗಿದೆ. ಕಾಣುವುದರ ತೀವ್ರತೆಗೂ ಅದರ ಸತ್ಯಕ್ಕೂ ಇರುವ ನಂಟನ್ನು ಈ ಯಂತ್ರ ಕಡಿದುಹಾಕಿದೆ. ಆದ್ದರಿಂದ ಅದರೊಳಗಿನ ಲೋಕ ನಿಜವೋ ಸುಳ್ಳೋ ಎಂದು ಕೇಳುವುದಕ್ಕಿಂತ, ಆ ನೋಟವನ್ನು ಕಳಚುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಕೇಳುವುದು ಹೆಚ್ಚು ಮುಖ್ಯ ಎಂಬುದು ನನ್ನ ವಾದ.

ಯಂತ್ರ ಮಾಡುವ ಕೆಲಸದಲ್ಲಿ ಮಂತ್ರವೇನೂ ಇಲ್ಲ. ಒಂದೇ ವಸ್ತುವಿನ ತುಸು ಬೇರೆಯಾದ ಎರಡು ಚಿತ್ರಗಳನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಆಳ ಕಾಣುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. 1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಕಟ್ಟುವ ಕಂಪ್ಯೂಟರ್ ಪರದೆಯನ್ನು ಮಾಡಿದಾಗ ಅದು ಎಷ್ಟು ಭಾರವಿತ್ತೆಂದರೆ ಸೂರಿಗೆ ನೇತುಹಾಕಬೇಕಾಯಿತು. ‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರನ್ನು 1980ರ ದಶಕದಲ್ಲಿ ಜೇರನ್ ಲಾನಿಯರ್ ಜನಪ್ರಿಯಗೊಳಿಸಿದರು. 2014ರಲ್ಲಿ ವಿಆರ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಕಂಪನಿಯನ್ನು ಸುಮಾರು 200 ಕೋಟಿ ಡಾಲರಿಗೆ ಕೊಂಡ ಫೇಸ್‌ಬುಕ್, 2021ರಲ್ಲಿ ತನ್ನ ಹೆಸರನ್ನೇ ಮೆಟಾ ಎಂದು ಬದಲಿಸಿಕೊಂಡಿತು. ಈ ಚರಿತ್ರೆಗಿಂತ ಗಮನಿಸಬೇಕಾದದ್ದು ಹೆಡ್‌ಸೆಟ್ಟಿನ ಒಳಗಿನ ಒಂದು ಸೂಕ್ಷ್ಮ. ತಲೆ ತಿರುಗಿಸಿದ ಕೂಡಲೇ, ಸುಮಾರು 20 ಮಿಲಿಸೆಕೆಂಡಿನೊಳಗೆ, ಎದುರಿನ ಚಿತ್ರ ಮತ್ತೆ ಬಿಡಿಸಲ್ಪಡಬೇಕು. ತಡವಾದರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಚಿತ್ರ ಸಕಾಲಕ್ಕೆ ಬಂದರೂ, ಕುಳಿತಲ್ಲೇ ಕುಳಿತವನಿಗೆ ಕಣ್ಣು ‘ಓಡುತ್ತಿದ್ದೀ’ ಎಂದು ಹೇಳಿದಾಗ ಒಳಗಿವಿಯಲ್ಲಿ ಸಮತೋಲ ಕಾಯುವ ದ್ರವ ‘ಇಲ್ಲ’ ಎನ್ನುತ್ತದೆ. ಈ ಇಬ್ಬರು ಸಾಕ್ಷಿಗಳ ತಕರಾರೇ ವಾಕರಿಕೆಯಾಗಿ ಹೊರಬರುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಇದೊಂದು ದೋಷ. ವರ್ಷದಿಂದ ವರ್ಷಕ್ಕೆ ಅದನ್ನು ಕಡಿಮೆ ಮಾಡುತ್ತಿದ್ದಾರೆ. ಪ್ರಮಾಣಶಾಸ್ತ್ರದ ಕಡೆಯಿಂದ ನೋಡಿದರೆ ಆ ವಾಕರಿಕೆ, ಕಣ್ಣು ಹೇಳಿದ್ದನ್ನು ಒಪ್ಪದೆ ಉಳಿದಿರುವ ಮೈಯ ಕೊನೆಯ ಸಾಕ್ಷಿ.

ಕಣ್ಣಿನ ವಿಷಯ ಹಾಗಿರಲಿ, ‘ಇದು ನನ್ನ ಕೈ’ ಎಂಬ ಅರಿವಾದರೂ ಗಟ್ಟಿಯೇ? 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಎಂಬಿಬ್ಬರು ಪ್ರಕಟಿಸಿದ ಪ್ರಯೋಗ ಬಹಳ ಸರಳವಾದದ್ದು. ಮೇಜಿನ ಮೇಲೆ ಒಂದು ರಬ್ಬರಿನ ಕೈ. ಕುಳಿತವರ ನಿಜವಾದ ಕೈ ಅಡ್ಡಪರದೆಯ ಆಚೆ. ಎರಡನ್ನೂ ಒಂದೇ ಹೊತ್ತಿಗೆ ಒಂದೇ ರೀತಿ ಪುಟ್ಟ ಬ್ರಷ್ಷಿನಿಂದ ಸವರುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸ್ಪರ್ಶ ರಬ್ಬರಿನ ಕೈಯಲ್ಲೇ ಆಗುತ್ತಿದೆ, ಅದು ತನ್ನದೇ ಕೈ ಎಂದು ಅನೇಕರಿಗೆ ಅನಿಸುತ್ತದೆ. ಕಣ್ಣು ಮತ್ತು ಚರ್ಮ ಒಂದೇ ತಾಳದಲ್ಲಿ ಸಾಕ್ಷಿ ನುಡಿದರೆ ಮನಸ್ಸು ಮರುಪ್ರಶ್ನೆ ಕೇಳುವುದಿಲ್ಲ. ವಿಆರ್ ಇಡೀ ಮೈಗೆ ಇದನ್ನೇ ಮಾಡುತ್ತದೆ.

ಈ ಜಾಗದಲ್ಲಿ ನಮ್ಮ ದರ್ಶನಗಳು ಬಿಟ್ಟುಹೋದ ಒಂದು ಮಾತು ಕೆಲಸಕ್ಕೆ ಬರುತ್ತದೆ: ಬಾಧೆ. ದಿನಬಳಕೆಯ ಕನ್ನಡದಲ್ಲಿ ಅದು ನೋವು, ಕಾಟ. ಶಾಸ್ತ್ರದಲ್ಲಿ ಅದಕ್ಕೆ ಬೇರೆ ಅರ್ಥ. ಮೊದಲು ಬಂದ ಅರಿವನ್ನು ಆಮೇಲೆ ಬಂದ ಅರಿವು ರದ್ದುಮಾಡುವುದೇ ಬಾಧೆ. ಮಬ್ಬಿನಲ್ಲಿ ಹಾವು ಕಂಡಿತು, ದೀಪ ತಂದಾಗ ಹಗ್ಗ ಕಂಡಿತು. ಹಾವಿನ ಅರಿವು ಬಾಧಿತವಾಯಿತು. ಹಾವು ಕಂಡದ್ದು ಮಸುಕಾಗಿರಲಿಲ್ಲ, ಬೆವರು ಬರುವಷ್ಟು ಸ್ಪಷ್ಟವಾಗಿಯೇ ಕಂಡಿತ್ತು. ಅದು ಸುಳ್ಳೆಂದು ನಿರ್ಧಾರವಾದದ್ದು ದೀಪದಿಂದ. ಈ ಮಾತಿನ ಪೂರ್ಣ ತೂಕ ಗೊತ್ತಾಗುವುದು ಬೌದ್ಧ ವಿಜ್ಞಾನವಾದಿಗಳ ಜೊತೆ ನಡೆದ ವಾದದಲ್ಲಿ. ಹೊರಗೆ ವಸ್ತುವಿಲ್ಲದೆಯೂ ಅನುಭವ ಸಾಧ್ಯ, ಕನಸೇ ಅದಕ್ಕೆ ಸಾಕ್ಷಿ ಎಂದು ವಸುಬಂಧು ‘ವಿಂಶತಿಕಾ’ದಲ್ಲಿ ವಾದಿಸಿದ. ಹಾಗಾದರೆ ಹಲವರಿಗೆ ಒಂದೇ ವಸ್ತು ಕಾಣುವುದು ಹೇಗೆ ಎಂಬ ಆಕ್ಷೇಪಕ್ಕೂ ಅವನಲ್ಲಿ ಉತ್ತರವಿತ್ತು: ನರಕದಲ್ಲಿರುವ ಜೀವಿಗಳೆಲ್ಲ ಒಂದೇ ಬಗೆಯ ನರಕಪಾಲಕರನ್ನು ಕಾಣುವುದಿಲ್ಲವೇ ಎಂದ. ಹತ್ತು ಊರಿನ ಹತ್ತು ಜನ ತಮ್ಮ ತಮ್ಮ ಮನೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಒಂದೇ ಇಲ್ಲದ ಕೋಣೆಯಲ್ಲಿ ಕುಳಿತು ಮಾತಾಡುವ ಇಂದಿನ ದೃಶ್ಯಕ್ಕೆ ಇದಕ್ಕಿಂತ ಹತ್ತಿರದ ಹಳೆಯ ಚಿತ್ರ ಸಿಗಲಾರದು. ಇದಕ್ಕೆ ಉತ್ತರ ಕೊಟ್ಟವರು ಜಗತ್ತು ಮಿಥ್ಯೆ ಎಂದರೆಂದು ಎಲ್ಲರೂ ಬಲ್ಲ ಶಂಕರಾಚಾರ್ಯರೇ. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಅವರು, ಎಚ್ಚರ ಕನಸಿನಂತೆ ಅಲ್ಲ ಎಂದು ಖಂಡಿತವಾಗಿ ಹೇಳುತ್ತಾರೆ. ಕಾರಣ ಇಷ್ಟೇ: ಕನಸಿನಲ್ಲಿ ಕಂಡ ಜನಸಂದಣಿಯನ್ನು ಎದ್ದವನು ತಾನೇ ಇರಲಿಲ್ಲವೆಂದು ತಳ್ಳಿಹಾಕುತ್ತಾನೆ, ಎಚ್ಚರದಲ್ಲಿ ಕಂಡ ಕಂಬವನ್ನು ಹಾಗೆ ತಳ್ಳಿಹಾಕುವ ಇನ್ನೊಂದು ಅವಸ್ಥೆ ವ್ಯವಹಾರದಲ್ಲಿ ಬರುವುದಿಲ್ಲ.

‘ಹೇಗಿದ್ದರೂ ಎಲ್ಲವೂ ಮಾಯೆ, ಹೆಡ್‌ಸೆಟ್ಟಿನೊಳಗಿನ ಮಾಯೆಗೆ ಯಾಕಿಷ್ಟು ಗಲಾಟೆ’ ಎನ್ನುವವರು ನಮ್ಮಲ್ಲಿ ಬಹಳ. ಅವರಿಗೆ ಶಂಕರರ ಆ ಭಾಗವೇ ಉತ್ತರ. ಪ್ರಾತಿಭಾಸಿಕ (ಬರೀ ತೋರಿಕೆ), ವ್ಯಾವಹಾರಿಕ (ದಿನಬಳಕೆಯ ಸತ್ಯ), ಪಾರಮಾರ್ಥಿಕ (ಪರಮ ಸತ್ಯ) ಎಂಬ ಮೂರು ಮೆಟ್ಟಿಲುಗಳನ್ನು ಅದ್ವೈತಿಗಳು ಸುಮ್ಮನೆ ಇಟ್ಟದ್ದಲ್ಲ. ಹಗ್ಗದ ಹಾವನ್ನೂ ಹೊಲದ ಹಾವನ್ನೂ ಒಂದೇ ಎಂದುಕೊಂಡವನು ಬ್ರಹ್ಮಜ್ಞಾನಿಯಾಗುವುದಿಲ್ಲ, ಹಾವು ಕಚ್ಚಿ ಸಾಯುತ್ತಾನೆ. ಮೇಲಿನ ಮೆಟ್ಟಿಲನ್ನು ಮುಂದಿಟ್ಟುಕೊಂಡು ಕೆಳಗಿನ ಎರಡರ ನಡುವಿನ ಗೆರೆ ಅಳಿಸುವ ಅಧಿಕಾರವನ್ನು ಅದ್ವೈತ ಯಾರಿಗೂ ಕೊಟ್ಟಿಲ್ಲ. ನಾವಿರುವ ಇಡೀ ಜಗತ್ತೇ ಯಾರೋ ನಡೆಸುತ್ತಿರುವ ಕಂಪ್ಯೂಟರ್ ಆಟವಾಗಿರಬಹುದೆಂದು ತತ್ತ್ವಜ್ಞಾನಿ ನಿಕ್ ಬೋಸ್ಟ್ರಮ್ 2003ರಲ್ಲಿ ಮುಂದಿಟ್ಟ ವಾದಕ್ಕೂ ಇದೇ ದಾರಿಯಲ್ಲಿ ಉತ್ತರ ಹೇಳಬಹುದು. ಬಾಧಕವೇ ಇಲ್ಲದ ಸಂಶಯವನ್ನು ಇಟ್ಟುಕೊಂಡು ಯಾವ ವ್ಯವಹಾರವೂ ನಡೆಯದೆಂದು ಮೀಮಾಂಸಕರು ಹಿಂದೆಯೇ ಹೇಳಿದ್ದಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ತತ್ತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಅವರದು. 2022ರ ‘ರಿಯಾಲಿಟಿ ಪ್ಲಸ್’ ಎಂಬ ಪುಸ್ತಕದಲ್ಲಿ ಅವರು, ವಿಆರ್ ಲೋಕವನ್ನು ಭ್ರಮೆ ಎನ್ನುವುದೇ ತಪ್ಪು ಎನ್ನುತ್ತಾರೆ. ಅಲ್ಲಿನ ಮರ ಮರವಲ್ಲದಿರಬಹುದು, ಆದರೆ ಅದು ಶೂನ್ಯವೂ ಅಲ್ಲ. ಕಂಪ್ಯೂಟರಿನಲ್ಲಿ ನಿಜವಾಗಿ ಇರುವ ದತ್ತಾಂಶದಿಂದ ಆದ ನಿಜವಾದ ವಸ್ತು. ಅಲ್ಲಿ ಬೆಳೆದ ಸ್ನೇಹ ಸ್ನೇಹವೇ, ಅಲ್ಲಿ ಆಡಿದ ಮಾತು ಮಾತೇ. ಕನ್ನಡ ನೆಲದಲ್ಲಿ ಇದನ್ನು ಓದುವವರಿಗೆ ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ನೆನಪಾಗಬೇಕು. ಅವರು ಹದಿಮೂರನೆಯ ಶತಮಾನದವರು. ಕನಸು ಕೂಡ ಸತ್ಯವೆಂದು ಹೇಳುವ ಧೈರ್ಯ ಅವರದು. ಎಚ್ಚರದಲ್ಲಿ ಮನಸ್ಸಿನಲ್ಲಿ ಉಳಿದ ವಾಸನೆಗಳೇ ಕನಸಿನ ವಸ್ತುಗಳಿಗೆ ಮಣ್ಣು. ಆ ಮಣ್ಣಿನಿಂದ ಅವನ್ನು ರೂಪಿಸುವವನು ಈಶ್ವರ. ಹಾಗಾದರೆ ಕನಸಿನಲ್ಲಿ ತಪ್ಪು ಎಲ್ಲಿ? ವಾಸನೆಯಿಂದಾದ ಆನೆಯನ್ನು ಹೊರಗಿನ ಆನೆಯೆಂದು ತಿಳಿಯುವುದರಲ್ಲಿ. ಇರುವ ಒಂದನ್ನು ಇನ್ನೊಂದೆಂದು ಕಾಣುವುದೇ ಭ್ರಮೆ. ಇದನ್ನು ಒಪ್ಪಿದರೆ ಚಾಲ್ಮರ್ಸ್ ಅವರ ಮುಕ್ಕಾಲು ಪಾಲು ಮಾತನ್ನೂ ಒಪ್ಪಬೇಕು, ನಾನು ಒಪ್ಪುತ್ತೇನೆ. ಉಳಿದ ಕಾಲುಭಾಗದಲ್ಲೇ ತೊಡಕಿದೆ. ಸರ್ವರಿನಲ್ಲಿರುವ ದತ್ತಾಂಶ ದತ್ತಾಂಶವಾಗಿ ಸತ್ಯ, ಹುಲಿಯಾಗಿ ಸುಳ್ಳು. ನೋಡುವವನಿಗೆ ಕಾಣುವುದು ಮಾತ್ರ ಹುಲಿ. ಯಾವುದು ಏನಾಗಿ ಕಾಣಬೇಕೆಂಬುದನ್ನು ಕನಸಿನಲ್ಲಿ ನಿರ್ಧರಿಸುವವನು, ಮಧ್ವರ ಪ್ರಕಾರ, ಜೀವಿಯ ಹಿತ ಬಲ್ಲ ದೇವರು. ಹೆಡ್‌ಸೆಟ್ಟಿನಲ್ಲಿ ನಿರ್ಧರಿಸುವವರು ಲಾಭ ನೋಡುವ ಕಂಪನಿಗಳು. ವಸ್ತು ನಿಜ ಎಂದ ಮಾತ್ರಕ್ಕೆ ಈ ವ್ಯತ್ಯಾಸ ಅಳಿಸಿಹೋಗುವುದಿಲ್ಲ.

ಪರಿಣಾಮ ನಿಜವಾದರೆ ಕಾರಣವೂ ನಿಜವಲ್ಲವೇ ಎಂದು ಕೇಳುವವರಿದ್ದಾರೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಸುಟ್ಟಗಾಯದ ರೋಗಿಗಳಿಗಾಗಿ ‘ಸ್ನೋವರ್ಲ್ಡ್’ ಎಂಬ ಹಿಮಲೋಕವನ್ನು ಕಟ್ಟಿದರು. ಗಾಯ ತೊಳೆದು ಪಟ್ಟಿ ಬದಲಿಸುವ ಹೊತ್ತಿನ ನೋವು ಕಂಡವರಿಗೇ ಗೊತ್ತು. ಆ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತ ಹಿಮದುಂಡೆ ಎಸೆಯುತ್ತಿದ್ದರೆ ನೋವು ಎಷ್ಟೋ ಕಡಿಮೆ ಎಂದು ರೋಗಿಗಳೇ ಹೇಳಿದರು. ಹಿಮ ಇರಲಿಲ್ಲ, ತಂಪು ಮಾತ್ರ ಸುಳ್ಳಾಗಿರಲಿಲ್ಲ. ಶಂಕರರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ. ವಿಷ ಏರಿತೆಂಬ ಬರೀ ಶಂಕೆಯಿಂದಲೇ ಮನುಷ್ಯ ಸಾಯಬಲ್ಲನೆಂದು, ಮಿಥ್ಯೆಯಿಂದಲೂ ನಿಜವಾದ ಫಲ ಹುಟ್ಟುತ್ತದೆಂದು ಅವರೇ ಬರೆದಿದ್ದಾರೆ. ಇದರಿಂದ ತಿಳಿಯಬೇಕಾದದ್ದು, ಫಲ ಕಂಡ ಮಾತ್ರಕ್ಕೆ ಕಾರಣ ಸತ್ಯವಾಗುವುದಿಲ್ಲ, ಕಾರಣ ಮಿಥ್ಯೆಯಾದ ಮಾತ್ರಕ್ಕೆ ಅದು ಕೆಟ್ಟದ್ದೂ ಆಗುವುದಿಲ್ಲ. ಆಸ್ಪತ್ರೆಯ ಹಿಮಲೋಕದಲ್ಲಿ ಎಲ್ಲ ಸರಿಯಾಗಿದೆ: ರೋಗಿಗೆ ಅದು ಆಟವೆಂದು ಗೊತ್ತು, ಪಟ್ಟಿ ಕಟ್ಟಿದ ಮೇಲೆ ಅದು ಮುಗಿಯುತ್ತದೆ, ಮುಗಿಸುವ ಹೊತ್ತು ದಾದಿಗೂ ರೋಗಿಗೂ ಇಬ್ಬರಿಗೂ ತಿಳಿದದ್ದು.

ಇಷ್ಟು ಸಲೀಸಾಗಿ ತೀರ್ಪು ಕೊಡಲಾಗದ ಸಂಗತಿಯೊಂದಿದೆ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. 2016ರಲ್ಲಿ, ಏಳನೆಯ ವಯಸ್ಸಿನಲ್ಲಿ ತೀರಿಕೊಂಡ ಮಗಳನ್ನು ಅವಳ ತಾಯಿ ವಿಆರ್‌ನಲ್ಲಿ ಕಾಣುತ್ತಾಳೆ. ಮಗಳು ಕಟ್ಟಿಗೆ ರಾಶಿಯ ಹಿಂದಿನಿಂದ ಓಡಿಬಂದು ಅಮ್ಮನನ್ನು ಮಾತಾಡಿಸುತ್ತಾಳೆ. ಏನೂ ಇಲ್ಲದ ಗಾಳಿಯಲ್ಲಿ ತಾಯಿಯ ಕೈ ಮಗುವಿನ ಕೆನ್ನೆ ಸವರುತ್ತದೆ. ಆ ತಾಯಿ ಮಾಡಿದ್ದು ತಪ್ಪೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅವಳಿಗೆ ಸಿಕ್ಕ ಸಮಾಧಾನ ಅವಳದು. ಆದರೆ ಸತ್ತವರೊಡನೆ ಹೇಗೆ ಬಾಳಬೇಕೆಂಬ ಪ್ರಶ್ನೆಗೆ ನಮ್ಮ ಹಳ್ಳಿಗಳು ಕಂಡುಕೊಂಡ ಉತ್ತರವನ್ನು ಇದರ ಪಕ್ಕ ಇಟ್ಟು ನೋಡಬೇಕು. ಶ್ರಾದ್ಧದಲ್ಲಿ ಪಿತೃಗಳನ್ನು ಆವಾಹಿಸುವುದು ಗಂಟುಹಾಕಿದ ದರ್ಭೆಯ ಕೂರ್ಚದಲ್ಲಿ. ಅನ್ನದ ಪಿಂಡ, ಎಳ್ಳು, ನೀರು. ಹೊರಗೆ ಕಾಗೆಗೆ ಕಾಯುವ ಮನೆಮಂದಿ. ಸತ್ತವರ ಮುಖವನ್ನು ಅಲ್ಲಿ ಯಾವುದೂ ಹೋಲುವುದಿಲ್ಲ. ದರ್ಭೆ ಅಪ್ಪನ ಹಾಗೆ ಕಾಣುವುದಿಲ್ಲವಾದ್ದರಿಂದಲೇ ಅಪ್ಪ ಇಲ್ಲವೆಂಬುದು ಮರೆಯುವುದಿಲ್ಲ, ಇದ್ದರೆಂಬುದೂ ಮರೆಯುವುದಿಲ್ಲ. ಹೋಲಿಕೆ ಹೆಚ್ಚಿದಷ್ಟೂ ಈ ಎರಡರಲ್ಲಿ ಮೊದಲನೆಯದು ಕೈಜಾರುತ್ತದೆ. ಆವಾಹಿಸಿದವರನ್ನು ಕರ್ಮ ಮುಗಿದ ಮೇಲೆ ಬೀಳ್ಕೊಡುವ ವಿಧಿಯೂ ಇದೆ. ಮಗಳ ಚಿತ್ರವನ್ನು ಯಾರು, ಯಾವಾಗ ಬೀಳ್ಕೊಡಬೇಕು? ಅದು ಮಾರಾಟದ ಸೇವೆಯಾದರೆ, ತಿಂಗಳ ಬಾಡಿಗೆ ನಿಂತ ದಿನ ಮಗಳು ಎರಡನೆಯ ಸಲ ಸಾಯುತ್ತಾಳೆ. ಮೊದಲ ಸಾವು ದೈವದ್ದು ಎಂದು ಒಪ್ಪಿಕೊಂಡ ತಾಯಿ ಎರಡನೆಯದನ್ನು ಯಾರದು ಎನ್ನಬೇಕು?

ಹೀಗೆ ಬೀಳ್ಕೊಡುವ ವಿಸರ್ಜನೆ ಎಂಬ ಈ ಕಲ್ಪನೆ ಧರ್ಮದ ವಿಷಯದಲ್ಲಿ ಬಹಳ ದೂರ ಹೋಗುತ್ತದೆ. ಭಾದ್ರಪದ ಚೌತಿಗೆ ಜೇಡಿಮಣ್ಣಿನ ಗಣಪತಿಯನ್ನು ತಂದು ಪ್ರಾಣಪ್ರತಿಷ್ಠೆ ಮಾಡಿ, ಕಡುಬು ಚಕ್ಕುಲಿ ಇಟ್ಟು, ಅದೇ ದಿನವೋ ಮೂರನೆಯ ದಿನವೋ ಅದೇ ಕೈಯಿಂದ ಬಾವಿಗೋ ಕೆರೆಗೋ ಬಿಡುತ್ತೇವೆ. ಮಣ್ಣು ಕರಗುವುದನ್ನು ಮಕ್ಕಳು ದಂಡೆಯಲ್ಲಿ ನಿಂತು ನೋಡುತ್ತಾರೆ. ವಿಗ್ರಹವನ್ನು ನಂಬುವ ಜನ ಅದನ್ನು ತಾವೇ ಕರಗಿಸುವಷ್ಟು ನಂಬಿಕೆಯನ್ನು ಹದಗೊಳಿಸಿಕೊಂಡಿದ್ದಾರೆ. ಪ್ರತೀಕದಲ್ಲಿ ದೇವರನ್ನು ಧ್ಯಾನಿಸಬಹುದು, ಪ್ರತೀಕವೇ ದೇವರಲ್ಲ ಎಂಬುದರಲ್ಲಿ ಬೇರೆ ವಿಷಯಗಳಲ್ಲೆಲ್ಲ ಜಗಳವಾಡುವ ಅದ್ವೈತಿಗಳೂ ದ್ವೈತಿಗಳೂ ಹತ್ತಿರ ಬರುತ್ತಾರೆ. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಬೆಳ್ಳಿ ಹೊದಿಸಿದ ನವಗ್ರಹ ಕಿಂಡಿಯ ಒಂಬತ್ತು ತೂತುಗಳಿಂದ. ಹೊರಗಿನ ಗೋಡೆಯಲ್ಲಿ ಕನಕದಾಸರ ಹೆಸರಿನ ಕಿಂಡಿ. ಜನಸಂದಣಿಯಲ್ಲಿ ಕಣ್ಣು ಹೊಂದಿಸಿಕೊಂಡು ಬಗ್ಗಿ ನಿಂತರೆ ಅರೆಗಳಿಗೆ ಕಾಣುವುದು ಒಂದು ಪುಟ್ಟ ಮೂರ್ತಿ, ದೀಪದ ಬೆಳಕು. ಕಿಂಡಿ ನೋಟವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ಪೂರ್ತಿ ಕಾಣಲಿಲ್ಲವೆಂಬುದು ಅಲ್ಲಿ ದರ್ಶನದ ಭಾಗವೇ. ವಿಆರ್ ದರ್ಶನದಲ್ಲಿ ಗರ್ಭಗುಡಿಯ ಒಳಗೇ ನಿಂತು ಸುತ್ತಲೂ ತಲೆ ತಿರುಗಿಸಿ ನೋಡಬಹುದು. ನಡೆಯಲಾರದ ವೃದ್ಧರಿಗೆ, ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ, ಅದನ್ನು ಕಿತ್ತುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. 2020ರಲ್ಲಿ ಕೊರೋನಾದಿಂದ ಗುಡಿಗಳ ಬಾಗಿಲು ಮುಚ್ಚಿದಾಗ ಮೊಬೈಲಿನ ಪರದೆಗೆ ಕೈಮುಗಿದವರ ಭಕ್ತಿ ಕಡಿಮೆಯದೇನೂ ಅಲ್ಲ.

ಇಲ್ಲೊಂದು ಬಲವಾದ ಆಕ್ಷೇಪ ಬರುತ್ತದೆ. ಮಾನಸಪೂಜೆಯನ್ನು ಹೊರಗಿನ ಪೂಜೆಗಿಂತ ಮೇಲೆಂದು ಹೊಗಳಿದ ಸಂಪ್ರದಾಯ ನಮ್ಮದು. ಇಲ್ಲದ ರತ್ನದ ಮಂಟಪವನ್ನು ಮನಸ್ಸಿನಲ್ಲೇ ಕಟ್ಟಿ, ಇಲ್ಲದ ಹೂವು ಏರಿಸಿದರೆ ಪೂಜೆಯಾಗುವುದಾದರೆ, ಕಂಪ್ಯೂಟರ್ ಕಟ್ಟಿದ ಮಂಟಪಕ್ಕೆ ಏನು ಕೊರತೆ? ಕಟ್ಟುವವರು ಯಾರೆಂಬುದರಲ್ಲಿ ಕೊರತೆಯಿದೆ. ಮಾನಸಪೂಜೆಯ ಮಂಟಪ ಭಕ್ತನ ಏಕಾಗ್ರತೆ ಇರುವ ತನಕ ನಿಲ್ಲುತ್ತದೆ, ಚಿತ್ತ ಚಲಿಸಿದರೆ ಕುಸಿಯುತ್ತದೆ. ಆದ್ದರಿಂದಲೇ ಅದು ಸಾಧನೆ. ಯಂತ್ರದ ಮಂಟಪ ನಮ್ಮ ಚಿತ್ತ ಎಲ್ಲಿ ಅಲೆದರೂ ನಿಂತೇ ಇರುತ್ತದೆ. ಕಲ್ಪನೆ ಮಾಡುವ ಶ್ರಮವನ್ನು ಅದು ನಮ್ಮಿಂದ ತೆಗೆದುಕೊಂಡಿದೆ, ಅದರೊಂದಿಗೆ ಕಲ್ಪನೆಯನ್ನು ಕಳಚುವ ಶಕ್ತಿಯನ್ನೂ.

ನಾನು ಯಾರು ಎಂಬ ಪ್ರಶ್ನೆಗೆ ಬಂದಾಗ ಭಾಷೆಯೇ ಒಂದು ಎಳೆ ಕೊಡುತ್ತದೆ. ಆಟದ ಲೋಕದಲ್ಲಿ ಆಟಗಾರನ ಪರವಾಗಿ ಓಡಾಡುವ ಗೊಂಬೆಗೆ ‘ಅವತಾರ್’ ಎಂಬ ಹೆಸರು 1980ರ ದಶಕದಲ್ಲಿ ಲೂಕಾಸ್‌ಫಿಲ್ಮ್‌ನ ‘ಹ್ಯಾಬಿಟಾಟ್’ನಂತಹ ಆಟಗಳಿಂದ ರೂಢಿಗೆ ಬಂತು. ಅವತಾರವೆಂದರೆ ಇಳಿದುಬರುವುದು. ಇಳಿದವನು ತಾನಾರೆಂಬುದನ್ನು ಮರೆಯುವುದಿಲ್ಲ. ಮೂಲರೂಪಕ್ಕೂ ಅವತಾರಕ್ಕೂ ಎಳ್ಳಷ್ಟೂ ಭೇದವಿಲ್ಲವೆಂದು ಮಧ್ವಮತ ಒತ್ತಿ ಹೇಳುತ್ತದೆ. ಮನುಷ್ಯರ ಕಥೆ ಬೇರೆ. 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೇಲೆನ್‌ಸನ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಎತ್ತರದ ಅವತಾರ ಸಿಕ್ಕವರು ಹಣ ಹಂಚಿಕೊಳ್ಳುವ ಆಟದಲ್ಲಿ ತಮಗೇ ಹೆಚ್ಚು ಬರುವಂತೆ ಪಟ್ಟು ಹಿಡಿದರು, ಗಿಡ್ಡ ಅವತಾರದವರು ಅನ್ಯಾಯದ ಪಾಲನ್ನೂ ಒಪ್ಪಿಕೊಂಡರು. ಅವರ ನಿಜವಾದ ಎತ್ತರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. 2013ರಲ್ಲಿ ಡೋಮ್ನಾ ಬನಾಕು, ಮೆಲ್ ಸ್ಲೇಟರ್ ಮತ್ತು ಜೊತೆಗಾರರು ದೊಡ್ಡವರಿಗೆ ವಿಆರ್‌ನಲ್ಲಿ ಪುಟ್ಟ ಮಗುವಿನ ಮೈ ಕೊಟ್ಟಾಗ, ಸುತ್ತಲಿನ ವಸ್ತುಗಳು ಇರುವುದಕ್ಕಿಂತ ದೊಡ್ಡದಾಗಿ ಕಂಡವು. ನಾವು ಹಾಕಿಕೊಂಡದ್ದು ನಮ್ಮನ್ನು ಒಳಗಿನಿಂದ ತಿದ್ದುತ್ತದೆ.

ವೇಷ ಮನುಷ್ಯನನ್ನು ತಿದ್ದುತ್ತದೆಂಬುದು ಯಕ್ಷಗಾನದವರಿಗೆ ಹೊಸ ಸುದ್ದಿಯಲ್ಲ. ಬಣ್ಣದ ವೇಷಧಾರಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕನ್ನಡಿ ಹಿಡಿದು ಕುಳಿತು ಗಂಟೆಗಟ್ಟಲೆ ಮುಖ ಬರೆದುಕೊಳ್ಳುತ್ತಾನೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಚಿಟ್ಟಿ ಇಡುತ್ತ ಹೋದಂತೆ ಕನ್ನಡಿಯಲ್ಲಿ ತನ್ನ ಮುಖ ಕಡಿಮೆಯಾಗುತ್ತದೆ, ರಾಕ್ಷಸನ ಮುಖ ಹೆಚ್ಚಾಗುತ್ತದೆ. ಚೌಕಿಯ ಗಣಪತಿಗೆ ಕೈಮುಗಿದು ರಂಗಸ್ಥಳಕ್ಕೆ ಹೋಗುವವನು ಬೇರೆಯೇ ಒಬ್ಬ. ಬೆಳಗಿನ ಮಂಗಳವಾದ ಮೇಲೆ ಅದೇ ಕನ್ನಡಿಯ ಎದುರು ಎಣ್ಣೆ ಹಚ್ಚಿ ಉಜ್ಜಿ ಬಣ್ಣ ತೆಗೆಯುತ್ತಾನೆ. ಏರುವುದಕ್ಕೆ ಹಿಡಿದಷ್ಟಲ್ಲದಿದ್ದರೂ ಇಳಿಯುವುದಕ್ಕೂ ಹೊತ್ತು ಬೇಕು, ಎಣ್ಣೆ ಬೇಕು, ತನ್ನದೇ ಕೈ ಬೇಕು. ಹೆಡ್‌ಸೆಟ್ ಹಾಕಲು ಎರಡು ಸೆಕೆಂಡು, ತೆಗೆಯಲು ಒಂದು ಸೆಕೆಂಡು. ಕಳಚುವುದು ಇಷ್ಟು ಸುಲಭವಾದರೆ ಅಪಾಯವೇ ಇಲ್ಲವಲ್ಲ ಎನ್ನಬಹುದು. ಆದರೆ ಹೆಡ್‌ಸೆಟ್ ಕಳಚಿದ ಮಾತ್ರಕ್ಕೆ ಒಳಗೆ ಏರಿದ ವೇಷ ಇಳಿಯುವುದಿಲ್ಲ. ಚೌಕಿ ಇಲ್ಲದ ವೇಷ ಮನೆಯ ಅಡುಗೆಕೋಣೆಗೂ ನಡೆದುಬರುತ್ತದೆ.

ಇದೇ ಗುಣವನ್ನು ಒಳ್ಳೆಯದಕ್ಕೆ ಬಳಸಬಾರದೇ? ಜೋರ್ಡಾನಿನ ಜಾತಾರಿ ನಿರಾಶ್ರಿತರ ಶಿಬಿರದಲ್ಲಿದ್ದ ಹನ್ನೆರಡು ವರ್ಷದ ಸಿರಿಯನ್ ಹುಡುಗಿಯ ಬದುಕನ್ನು ವಿಶ್ವಸಂಸ್ಥೆಗಾಗಿ 2015ರಲ್ಲಿ ವಿಆರ್ ಚಿತ್ರವಾಗಿ ಮಾಡಿದಾಗ, ಅದನ್ನು ಮಾಡಿದ ಕ್ರಿಸ್ ಮಿಲ್ಕ್ ಈ ಮಾಧ್ಯಮವನ್ನು ಅನುಕಂಪದ ಯಂತ್ರವೆಂದು ಬಣ್ಣಿಸಿದರು. ಆಸೆ ಒಳ್ಳೆಯದು, ಪುರಾವೆ ಮಾತ್ರ ಎರಡೂ ಕಡೆ ವಾಲುತ್ತದೆ. ಕರಿಯರ ಅವತಾರ ಕೊಟ್ಟಾಗ ಬಿಳಿಯರಲ್ಲಿ ಜನಾಂಗದ ಬಗೆಗಿನ ಪೂರ್ವಗ್ರಹ ಇಳಿಯಿತೆಂದು 2013ರ ಒಂದು ಅಧ್ಯಯನ ಹೇಳಿದರೆ, 2009ರ ಇನ್ನೊಂದು ಅಧ್ಯಯನದಲ್ಲಿ ಅಂಥ ಅವತಾರ ತೊಟ್ಟವರಲ್ಲಿ ಪೂರ್ವಗ್ರಹ ಹೆಚ್ಚಿತ್ತು. ಇನ್ನೊಬ್ಬರ ಮೈ ತೊಟ್ಟು ಹತ್ತು ನಿಮಿಷದಲ್ಲಿ ಹೊರಬಂದವನಿಗೆ ಆ ಮೈಯ ಅವಮಾನದ ಚರಿತ್ರೆ ಸಿಗುವುದಿಲ್ಲ, ಬೇಕೆಂದಾಗ ಹೊರಬರುವ ಸವಲತ್ತು ಮಾತ್ರ ಅವನ ಜೊತೆ ಇರುತ್ತದೆ. ನೆರೆಯವರ ಕಷ್ಟ ಅರಿಯಲು ಅವರನ್ನೇ ಕೇಳಿ, ಹೇಳಿದ್ದನ್ನು ನಂಬುವುದು ಇಂದಿಗೂ ಹೆಚ್ಚು ಭರವಸೆಯ ಹಾದಿ.

ನೆನಪಿನ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಯೋಗವಾಸಿಷ್ಠದಲ್ಲಿ ಲವಣರಾಜನ ಕಥೆ ಬರುತ್ತದೆ. ಸಭೆಗೆ ಬಂದ ಇಂದ್ರಜಾಲದವನೊಬ್ಬ ನವಿಲುಗರಿಯ ಕುಂಚ ಬೀಸುತ್ತಾನೆ. ಸಿಂಹಾಸನದ ಮೇಲೆ ರಾಜ ಕಲ್ಲಿನಂತೆ ಕೂರುತ್ತಾನೆ. ಕೆಲವೇ ಗಳಿಗೆಯಲ್ಲಿ ಅವನು ಕುದುರೆಯೇರಿ ಕಾಡು ಸೇರಿ, ಹಸಿವಿಗೆ ಸೋತು, ಅನ್ನ ಕೊಟ್ಟ ಚಂಡಾಲರ ಹುಡುಗಿಯನ್ನು ಮದುವೆಯಾಗಿ, ಮಕ್ಕಳನ್ನು ಪಡೆದು, ಮುದುಕನಾಗಿ, ಬರಗಾಲದಲ್ಲಿ ಬೆಂಕಿಗೆ ಹಾರುತ್ತಾನೆ. ಎಚ್ಚರವಾದಾಗ ಸಭೆ ಹಾಗೇ ಇದೆ, ಇಂದ್ರಜಾಲದವನು ಮಾಯ. ಮರುದಿನ ರಾಜ ಸುಮ್ಮನೆ ಕೂರುವುದಿಲ್ಲ. ತಾನು ಕಂಡ ಊರು ಇದೆಯೇ ನೋಡೋಣವೆಂದು ವಿಂಧ್ಯದ ಕಡೆ ಹೊರಡುತ್ತಾನೆ. ಊರು ಇದೆ, ಮಗಳನ್ನೂ ಅಳಿಯನನ್ನೂ ಕಳೆದುಕೊಂಡು ಅಳುವ ಮುದುಕಿಯೂ ಅಲ್ಲಿದ್ದಾಳೆ. ಎಚ್ಚರವೂ ಮನಸ್ಸಿನ ಆಟವೇ ಎಂದು ತೋರಿಸುವುದಕ್ಕೆ ಆ ಗ್ರಂಥ ಈ ಕಥೆ ಹೇಳುತ್ತದೆ, ಆ ತೀರ್ಮಾನ ನನ್ನ ವಾದಕ್ಕೆ ಅನುಕೂಲವಾದದ್ದಲ್ಲ. ಆದರೂ ಮರುದಿನ ಬೆಳಗ್ಗೆ ಕುದುರೆಗೆ ಜೀನು ಹಾಕಿಸಿದ ರಾಜನ ನಡೆ ದೊಡ್ಡದು. ಕಂಡದ್ದನ್ನು ಅವನು ಪ್ರಮಾಣಿಸಿ ನೋಡಹೊರಟ.

ಆ ಕುದುರೆ ಎಲ್ಲರಿಗೂ ಇರುವುದಿಲ್ಲ. ಸೆಗೋವಿಯಾ ಮತ್ತು ಬೇಲೆನ್‌ಸನ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ, ಅವರದೇ ಹೋಲಿಕೆಯ ಅವತಾರ ಓರ್ಕಾ ತಿಮಿಂಗಿಲಗಳ ಜೊತೆ ಈಜುವುದನ್ನು ವಿಆರ್‌ನಲ್ಲಿ ತೋರಿಸಿದರು. ಕೆಲವು ದಿನ ಬಿಟ್ಟು ಕೇಳಿದಾಗ, ಆ ಕಥೆಯನ್ನು ಸುಮ್ಮನೆ ಕೇಳಿಸಿಕೊಂಡಿದ್ದ ಮಕ್ಕಳಿಗಿಂತ ಇವರಲ್ಲಿ ಹೆಚ್ಚು ಮಂದಿ, ತಾವು ನಿಜವಾಗಿಯೇ ತಿಮಿಂಗಿಲದ ಜೊತೆ ಈಜಿದ್ದು ನೆನಪಿದೆ ಎಂದರು. ಇನ್ನೂ ಚಿಕ್ಕ ಮಕ್ಕಳಲ್ಲಿ ಹೇಗೆ ಹೇಳಿದರೂ ಸುಳ್ಳು ನೆನಪು ಹುಟ್ಟುವ ಸಂಭವ ಒಂದೇ ಸಮನಾಗಿತ್ತು. ಹೆಡ್‌ಸೆಟ್ ತೆಗೆದ ಗಳಿಗೆಯಲ್ಲಿ ಬಾಧೆ ಆಗಿತ್ತು: ಕಣ್ಣೆದುರು ಕಡಲು ಇರಲಿಲ್ಲ, ಮಗುವಿನ ಬಟ್ಟೆ ಒದ್ದೆಯಾಗಿರಲಿಲ್ಲ. ದಿನ ಕಳೆದಂತೆ ಬಾಧೆ ಮರೆತುಹೋಗಿ ಈಜು ಉಳಿಯಿತು. ಶಂಕರರ ಕಂಬ-ಕನಸುಗಳ ವಾದಕ್ಕೆ ಇದು ಹೊಸ ಸವಾಲು, ನಾನು ಇದನ್ನು ಮುಚ್ಚಿಡಲಾರೆ. ಎದ್ದವನು ಕನಸನ್ನು ತಳ್ಳಿಹಾಕುತ್ತಾನೆ ಎಂಬುದು ಎದ್ದದ್ದು ನೆನಪಿರುವ ತನಕ ಮಾತ್ರ ನಿಜ. ತಳ್ಳಿಹಾಕಿದ್ದನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಯಾರಾದರೂ ಮಾಡಬೇಕಾಗುತ್ತದೆ, ಚಿಕ್ಕವರಿಗೆ ದೊಡ್ಡವರು ಮಾಡಬೇಕಾಗುತ್ತದೆ.

ಕಥೆಯ ಇಂದ್ರಜಾಲದವನು ಆಟ ತೋರಿಸಿ ಮಾಯವಾದ. ಇಂದಿನವನು ಹೋಗುವುದಿಲ್ಲ. 2020ರಲ್ಲಿ ಬೇಲೆನ್‌ಸನ್ ಅವರ ತಂಡವೇ 511 ಜನರನ್ನು ಪರೀಕ್ಷಿಸಿ ತೋರಿಸಿದ್ದೇನೆಂದರೆ, ವಿಆರ್ ವೀಡಿಯೊ ನೋಡುವಾಗ ತಲೆ ಮತ್ತು ಕೈ ಅಲುಗುವ ರೀತಿಯನ್ನು ಐದು ನಿಮಿಷಕ್ಕೂ ಕಡಿಮೆ ದಾಖಲಿಸಿದರೆ ಸಾಕು, ನೂರಕ್ಕೆ 95 ಸಲ ಅವರು ಯಾರೆಂದು ಯಂತ್ರ ಗುರುತಿಸಬಲ್ಲದು. ವೇಷ ಎಷ್ಟು ಬದಲಿಸಿದರೂ ನಡೆಯುವ ಗತ್ತು ಸಿಕ್ಕಿಬೀಳುತ್ತದೆ. ನೋಡುತ್ತಿದ್ದೇವೆಂದು ನಾವು ತಿಳಿದ ಹೊತ್ತಿನಲ್ಲೆಲ್ಲ ನಮ್ಮನ್ನು ನೋಡಲಾಗುತ್ತಿರುತ್ತದೆ. ದರ್ಶನದಲ್ಲಿಯೂ ದೇವರು ಭಕ್ತನನ್ನು ನೋಡುತ್ತಾನೆ, ಆದರೆ ಆ ನೋಟವನ್ನು ಯಾರೂ ಜಾಹೀರಾತುದಾರರಿಗೆ ಮಾರುವುದಿಲ್ಲ. ಆದ್ದರಿಂದ ಇಲ್ಲಿ ಕಾನೂನು ಬೇಕು: ಮೈಯ ಚಲನೆಯ ದಾಖಲೆಗೆ ಬೆರಳಚ್ಚಿಗಿರುವಷ್ಟೇ ರಕ್ಷಣೆ, ಸತ್ತವರ ರೂಪ ಬಳಸಲು ಬದುಕಿದ್ದಾಗಲೇ ಅವರು ಕೊಟ್ಟ ಒಪ್ಪಿಗೆ, ಚಿಕ್ಕ ಮಕ್ಕಳ ಮೇಲೆ ಪ್ರಯೋಗಿಸಲು ತಡೆ.

ಕಾನೂನು ಬರುವ ತನಕ ಮನೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಶಾಲೆಯಲ್ಲೋ ಮಾಲಿನಲ್ಲೋ ಮಗು ಹೆಡ್‌ಸೆಟ್ ಹಾಕಿಕೊಂಡು ಬಂದ ದಿನ, ಏನು ಕಂಡೆ ಎಂದು ಕೇಳಿ. ಒಂದು ವಾರ ಬಿಟ್ಟು ಮತ್ತೆ ಕೇಳಿ. ತಿಮಿಂಗಿಲದ ಜೊತೆ ಈಜಿದೆ ಎಂದರೆ ಬೈಯಬೇಡಿ, ನಗಬೇಡಿ. ಅವತ್ತು ನಿನ್ನ ಬಟ್ಟೆ ಒದ್ದೆಯಾಗಿತ್ತೇ ಎಂದು ಕೇಳಿ ನೋಡಿ.